ಶ್ವಾಸಕೋಶದ ಕಾವಲುಗಾರರಿಗೆ ಊಟ ಹಾಕೋದು ಯಾರು?

ಒಂದ್ಸಲ ಉಸಿರು ಒಳಗೆ ಎಳ್ಕೊಳ್ಳಿ. ಈಗ ಹೋಗಿದ್ದು ಬರೀ ಗಾಳಿ ಅಲ್ಲ. ಧೂಳು, ಹೊಗೆ, ರೋಗಾಣು ಎಲ್ಲಾ ಹೋಯ್ತು. ಹೆಚ್ಚಿನದು ಮೂಗು, ಶ್ವಾಸನಾಳದ ಲೋಳೆಗೆ ಅಂಟಿಕೊಳ್ಳುತ್ತೆ. ಅಲ್ಲಿರೋ ಸೂಕ್ಷ್ಮ ರೋಮಗಳು ಅದನ್ನ ಗಂಟಲಿನ ಕಡೆ ತಳ್ಳುತ್ತವೆ, ನಾವು ಗೊತ್ತಿಲ್ಲದೇ ನುಂಗಿಬಿಡ್ತೀವಿ. ಸಿಗರೇಟ್ ಹೊಗೆಗೆ ಹಾಳಾಗೋದು ಈ ರೋಮಗಳೇ.

ಆದರೆ ಟಿಬಿ ರೋಗಾಣು ಬರೋದು ತುಂಬಾ ಸಣ್ಣ ಕಣಗಳಲ್ಲಿ. ಇದನ್ನೆಲ್ಲಾ ದಾಟಿ ಸೀದಾ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತೆ. ಅಲ್ಲಿ ಕಾವಲಿಗಿರೋದು ಮ್ಯಾಕ್ರೋಫೇಜ್ ಅನ್ನೋ ಜೀವಕೋಶ. ಸಿಕ್ಕಿದ್ದನ್ನ ನುಂಗಿ ಜೀರ್ಣಿಸೋದೇ ಅದರ ಕೆಲಸ. ಟಿಬಿ ರೋಗಾಣುವನ್ನೂ ನುಂಗುತ್ತೆ. ಆದ್ರೆ ಅದಕ್ಕೆ ಮೇಣದಂಥ ಕವಚ ಇದೆ, ಎಷ್ಟೋ ಸಲ ಕರಗೋದೇ ಇಲ್ಲ. ನುಂಗಿದವರ ಹೊಟ್ಟೆಯೊಳಗೇ ಸಂಸಾರ ಹೂಡುತ್ತೆ!

ಆಗ ಟಿ ಕೋಶಗಳು ಸಹಾಯಕ್ಕೆ ಬರ್ತವೆ. ಎಲ್ಲಾ ಸೇರಿ ರೋಗಾಣುವಿನ ಸುತ್ತ ಗೋಡೆ ಕಟ್ಟಿ ಕೂಡಿಹಾಕ್ತವೆ. ಈ ಪುಟ್ಟ ಗಂಟಿಗೆ ಗ್ರ್ಯಾನುಲೋಮಾ ಅಂತಾರೆ. ಒಳಗೆ ರೋಗಾಣು ಜೀವಂತ ಇದ್ದರೂ ನಿಮಗೆ ಕೆಮ್ಮಿಲ್ಲ, ಜ್ವರ ಇಲ್ಲ, ಇನ್ನೊಬ್ಬರಿಗೆ ಹರಡೋದೂ ಇಲ್ಲ. ಸೋಂಕು ತಗುಲಿದ 100 ಜನರಲ್ಲಿ ಇಡೀ ಜೀವಮಾನದಲ್ಲಿ ಟಿಬಿ ಕಾಯಿಲೆ ಬರೋದು 5ರಿಂದ 10 ಮಂದಿಗೆ ಮಾತ್ರ.

ಆದ್ರೆ ಈ ಗೋಡೆ ಒಮ್ಮೆ ಕಟ್ಟಿ ಮರೆಯೋದಲ್ಲ. ಬಿಕಾಂ ಓದಿದ ನನ್ನ ಭಾಷೇಲಿ ಹೇಳೋದಾದ್ರೆ, ತಿಂಗಳಾ ತಿಂಗಳಾ ಮೇಂಟೆನೆನ್ಸ್ ಕಟ್ತಾನೇ ಇರಬೇಕು. ಎಚ್‌ಐವಿ, ಸಕ್ಕರೆ ಕಾಯಿಲೆ ಇದನ್ನ ಸಡಿಲ ಮಾಡ್ತವೆ. ನಮ್ಮ ದೇಶದಲ್ಲಿ ಇವೆರಡಕ್ಕಿಂತ ದೊಡ್ಡ ಕಾರಣ ಅರೆಹೊಟ್ಟೆ.

ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ತಂಡದವರು ಇದನ್ನ ಜಾರ್ಖಂಡ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ರು. ಟಿಬಿ ರೋಗಿಗಳ ಜೊತೆ ಒಂದೇ ಮನೇಲಿರೋ 10,345 ಜನ. ಸುಮಾರು ಅರ್ಧ ಮನೆಗಳಲ್ಲಿ ರೋಗಿಗೆ ಮಾತ್ರ ರೇಷನ್, ಉಳಿದ ಕಡೆ ಮನೆಯವರಿಗೂ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ. 2023ರಲ್ಲಿ ಫಲಿತಾಂಶ ಬಂತು. ಮನೆಯವರಿಗೂ ಕೊಟ್ಟ ಕಡೆ ಹೊಸದಾಗಿ ಟಿಬಿ ಬಂದವರು ಶೇ. 39ರಷ್ಟು ಕಡಿಮೆ! ಡಬ್ಬಿಗೆ ಸಾವಿರಾರು ರೂಪಾಯಿ ಕೇಳೋ ‘ಇಮ್ಯುನಿಟಿ ಬೂಸ್ಟರ್’ ಪುಡಿ ಅಲ್ಲ ಸ್ವಾಮಿ, ಅನ್ನ, ಬೇಳೆಸಾರು.

ಎರಡು ವಾರ ದಾಟಿದ ಕೆಮ್ಮಿದ್ರೆ ಸರ್ಕಾರಿ ಆಸ್ಪತ್ರೇಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ಟಿಬಿ ಅಂತ ಗೊತ್ತಾದ್ರೆ ಔಷಧಿನೂ ಉಚಿತ. ಜೊತೆಗೆ ಚಿಕಿತ್ಸೆ ಮುಗಿಯೋ ತನಕ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಬರುತ್ತೆ. 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಆದ್ರೆ ಆ ದುಡ್ಡು ಲೆಕ್ಕ ಹಾಕಿರೋದು ರೋಗಿಯ ಒಂದು ತಟ್ಟೆಗೆ. ಅದೇ ಮನೆಯಲ್ಲಿ, ಅದೇ ಗಾಳಿ ಉಸಿರಾಡೋ ಇನ್ನೂ ಮೂರ್ನಾಲ್ಕು ತಟ್ಟೆಗಳಿರ್ತವೆ.