ಉದಾಹರಣೆಯಿಂದ ಕಲಿಯುವ ಯಂತ್ರ

ಮೈಲಾಪುರದ ಕಪಾಲೀಶ್ವರ ದೇವಾಲಯದ ಕೊಳದ ಬಳಿಯಿಂದ ಹೊರಟು ಅಡ್ಯಾರು ನದಿಯನ್ನು ದಾಟಿದರೆ ಗಿಂಡಿಯ ವಿದ್ಯಾಕೇಂದ್ರಗಳು ಸಾಲಾಗಿ ಕಾಣಸಿಗುತ್ತವೆ: ಹಳೆಯ ಇಂಜಿನಿಯರಿಂಗ್ ಕಾಲೇಜು, ಮದರಾಸು ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು, 1959ರಲ್ಲಿ ಸ್ಥಾಪನೆಯಾದ ಐ.ಐ.ಟಿ. ನಮ್ಮವರಲ್ಲಿ ಅನೇಕರು ಆ ದಾರಿಯಲ್ಲಿ ನಿತ್ಯವೂ ಬಸ್ಸಿನಲ್ಲಿ ಹೋಗಿಬರುವವರೇ. ಆ ಗೋಡೆಗಳ ಒಳಗೆ ನಡೆಯುವ ವ್ಯಾಸಂಗವು ತಮಗೆ ಸಂಬಂಧಿಸಿದ್ದಲ್ಲವೆಂದು ಅವರು ಎಣಿಸಿದರೆ ಆಶ್ಚರ್ಯವಿಲ್ಲ. ಆದರೆ ಕೃತಕ ಬುದ್ಧಿಮತ್ತೆಯೆಂಬ ಹೊಸ ಉಪಕರಣವನ್ನು ಕೈಗೆತ್ತಿಕೊಂಡಿರುವ ಸಂಶೋಧಕರು ಇಂದು ನಮ್ಮ ಕಣ್ಣು, ನಮ್ಮ ಮನೆಯ ಬಸುರಿ, ನಮ್ಮ ಮಾತು, ಈ ಮೂರರ ಬಳಿಗೂ ಬಂದಿದ್ದಾರೆ.

ಈ ಹೆಸರು ಹೊಸದೇನಲ್ಲ. ಅಮೆರಿಕದ ಜಾನ್ ಮೆಕಾರ್ಥಿ ಮೊದಲಾದವರು 1955ರಲ್ಲಿ ಬರೆದ ಒಂದು ಯೋಜನಾಪತ್ರದಲ್ಲಿ ಇದನ್ನು ಮೊದಲು ಬಳಸಿದರು. ಅದೇ ಮೆಕಾರ್ಥಿಯವರ ಬಳಿ ವ್ಯಾಸಂಗ ಮಾಡಿ 1966ರಲ್ಲಿ ಡಾಕ್ಟರೇಟ್ ಪಡೆದವರು ರಾಜ್ ರೆಡ್ಡಿಯವರು. ಆಂಧ್ರದ ಹಳ್ಳಿಯೊಂದರಲ್ಲಿ ಹುಟ್ಟಿ, 1958ರಲ್ಲಿ ಇದೇ ಗಿಂಡಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ಅವರು, ಮನುಷ್ಯನ ಮಾತನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ವಿದ್ಯೆಯಲ್ಲಿ ಅಗ್ರಗಣ್ಯರಾದರು. 1994ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಯಂತ್ರ ಕಲಿಯುವ ಬಗೆ

ಹೋಟೆಲಿನ ಅಡಿಗೆಮನೆಗೆ ಹೊಸದಾಗಿ ಸೇರಿದ ಹುಡುಗನಿಗೆ ಕಾವಲಿಯ ಕಾವು ಇಷ್ಟೇ ಇರಬೇಕೆಂದು ಯಾರೂ ಲೆಕ್ಕ ಬರೆದು ಕೊಡುವುದಿಲ್ಲ. ಸಾವಿರ ದೋಸೆ ಹೊಯ್ದು, ಕೆಲವು ಸೀದು, ಕೆಲವು ಹರಿದು, ಭಟ್ಟರಿಂದ ಬೈಸಿಕೊಂಡ ಮೇಲೆ ಹದವು ತಾನಾಗಿ ಕೈಗೆ ಬರುತ್ತದೆ. ಇಂದಿನ ಯಂತ್ರಗಳು ಕಲಿಯುವುದೂ ಬಹುಮಟ್ಟಿಗೆ ಹೀಗೆಯೇ. ಲಕ್ಷಗಟ್ಟಲೆ ಉದಾಹರಣೆಗಳನ್ನು ಸರಿಯುತ್ತರಗಳೊಡನೆ ಅದರ ಮುಂದಿಡುತ್ತಾರೆ. ತಪ್ಪಿದಾಗಲೆಲ್ಲ ಅದು ತನ್ನೊಳಗಿನ ಲೆಕ್ಕಗಳನ್ನು ತುಸುತುಸುವೇ ತಿದ್ದಿಕೊಳ್ಳುತ್ತದೆ. ಆದುದರಿಂದ ಯಂತ್ರದ ಜಾಣತನವು ಅದಕ್ಕೆ ತೋರಿಸಿದ ಉದಾಹರಣೆಗಳನ್ನೇ ಅವಲಂಬಿಸಿದೆ. ಇದೊಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದ ಜಿ. ಎನ್. ರಾಮಚಂದ್ರನ್ ಅವರು, 1963ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಒಂದು ನಕ್ಷೆಯನ್ನು ಪ್ರಕಟಿಸಿದರು. ನಮ್ಮ ದೇಹದ ಪ್ರೋಟೀನುಗಳ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ತಿಳಿಸುವ ಆ ನಕ್ಷೆಗೆ ಜಗತ್ತೆಲ್ಲ ಅವರ ಹೆಸರನ್ನೇ ಇಟ್ಟಿದೆ. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತೆರಳಿ ಅಲ್ಲಿಯೂ ಈ ವಿದ್ಯೆಗೆ ನೆಲೆ ಕಲ್ಪಿಸಿದರು. ಒಂದು ಪ್ರೋಟೀನಿನ ಆಕಾರವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ವರ್ಷಗಳೇ ಹಿಡಿಯುವುದುಂಟು. ವಿಜ್ಞಾನಿಗಳು ಹೀಗೆ ಕಷ್ಟಪಟ್ಟು ಕೂಡಿಸಿಟ್ಟ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಆಕಾರಗಳನ್ನು ನೋಡಿ ಕಲಿತ ಆಲ್ಫಾಫೋಲ್ಡ್ ಎಂಬ ಯಂತ್ರವಿದ್ಯೆಯು 2020ರಲ್ಲಿ ಆ ಕೆಲಸವನ್ನು ಅತಿ ಶೀಘ್ರವಾಗಿ ಮಾಡಿ ತೋರಿಸಿತು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರು 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಯಂತ್ರ ಹೇಳಿದ ಆಕಾರ ಸಾಧ್ಯವೋ ಅಸಾಧ್ಯವೋ ಎಂದು ಪರೀಕ್ಷಿಸಲು ಈಗಲೂ ಬಳಕೆಯಾಗುವ ಒರೆಗಲ್ಲುಗಳಲ್ಲಿ ಗಿಂಡಿಯ ಆ ನಕ್ಷೆಯೂ ಒಂದು.

ಕಣ್ಣು ಮತ್ತು ಗರ್ಭ

ಸಕ್ಕರೆ ಕಾಯಿಲೆ ನಮ್ಮವರಿಗೆ ಅಪರಿಚಿತವಲ್ಲ. ಹಗಲೆಲ್ಲ ಗಲ್ಲಾದ ಮುಂದೆಯೋ ಕಡತದ ಮುಂದೆಯೋ ಕುಳಿತು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರು ಇದನ್ನು ಬಲ್ಲರು. ಈ ರೋಗವು ನೋವಿಲ್ಲದೆ ಸದ್ದಿಲ್ಲದೆ ಕಣ್ಣಿನ ಒಳಪರದೆಯನ್ನು ಕೆಡಿಸುತ್ತದೆ. ದೃಷ್ಟಿ ಮಂಜಾದಾಗ ಕೆಲವೊಮ್ಮೆ ಕಾಲ ಮೀರಿರುತ್ತದೆ. ಗೂಗಲ್ ಸಂಸ್ಥೆಯ ಸಂಶೋಧಕರು ವೈದ್ಯರೊಡಗೂಡಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 1,28,175 ಕಣ್ಣಿನ ಚಿತ್ರಗಳಿಂದ ಯಂತ್ರಕ್ಕೆ ಈ ರೋಗದ ಗುರುತುಗಳನ್ನು ಕಲಿಸಿದರು. ನಮ್ಮ ಚೆನ್ನೈಯ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ, ಅರವಿಂದ ಕಣ್ಣಾಸ್ಪತ್ರೆ, ಈ ಮೂರೂ ಕಡೆಗಳಿಂದ ಚಿತ್ರಗಳು ಹೋಗಿದ್ದವು. ಪರೀಕ್ಷೆಯಲ್ಲಿ ಯಂತ್ರವು ನುರಿತ ವೈದ್ಯರಿಗೆ ಸರಿಸಮನಾಗಿ ನಿಂತಿತು.

ಆದರೆ ಪ್ರಯೋಗದ ಕೋಣೆ ಬೇರೆ, ಊರಿನ ಚಿಕಿತ್ಸಾಲಯ ಬೇರೆ. ಇಂಥದೇ ಯಂತ್ರವನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಿಗೆ ಒಯ್ದಾಗ, ಮಬ್ಬು ಬೆಳಕಿನಲ್ಲಿ ದಾದಿಯರು ತೆಗೆದ ಚಿತ್ರಗಳಲ್ಲಿ ಸುಮಾರು ಐದಕ್ಕೆ ಒಂದನ್ನು ಅದು ಓದಲಾರೆನೆಂದು ತಳ್ಳಿಹಾಕಿತೆಂದು 2020ರ ವರದಿ ತಿಳಿಸುತ್ತದೆ. ಇದರಿಂದ ದೂರದ ಆಸ್ಪತ್ರೆಗೆ ಅಲೆಯಬೇಕಾದ ಕಷ್ಟವು ರೋಗಿಯ ಪಾಲಿಗೇ ಬಂದಿತು.

ಉದಾಹರಣೆ ಯಾರದೆಂಬುದೂ ಮುಖ್ಯವೇ. ಬಸುರಿಯ ತಿಂಗಳು ಲೆಕ್ಕಹಾಕಲು ವೈದ್ಯರು ಬಹುಕಾಲ ಬಳಸಿದ ಸೂತ್ರವು ಪಾಶ್ಚಾತ್ಯ ಸ್ತ್ರೀಯರ ಅಳತೆಯಿಂದ ಹುಟ್ಟಿದ್ದು. ನಮ್ಮ ಹೆಂಗಸರ ಶಿಶುವಿನ ಬೆಳವಣಿಗೆಗೆ ಅದು ಸರಿಹೊಂದದಿದ್ದರೆ ಹೆರಿಗೆಯ ದಿನವೇ ತಪ್ಪುತ್ತದೆ. ಗಿಂಡಿಯ ಐ.ಐ.ಟಿ.ಯವರೂ ಫರೀದಾಬಾದಿನ ಒಂದು ಸರಕಾರಿ ಸಂಶೋಧನಾ ಸಂಸ್ಥೆಯವರೂ ಸೇರಿ, ಭಾರತೀಯ ಗರ್ಭಿಣಿಯರ ಅಳತೆಗಳಿಂದಲೇ ಕಲಿತ ಹೊಸ ಲೆಕ್ಕವನ್ನು 2024ರಲ್ಲಿ ಪ್ರಕಟಿಸಿದರು. ದೋಷವು ಮೊದಲಿನ ಮೂರರಲ್ಲೊಂದು ಪಾಲಿಗೆ ಹತ್ತಿರವಾಗಿ ಇಳಿಯಿತೆಂದು ಅವರ ವರದಿ.

ನಮ್ಮ ಮಾತು

ಅದೇ ಐ.ಐ.ಟಿ.ಯಲ್ಲಿ ಏಐ ಫಾರ್ ಭಾರತ್ ಎಂಬ ಪ್ರಯೋಗಾಲಯವೊಂದಿದೆ. ಬೆಂಗಳೂರಿನ ನಂದನ್ ನಿಲೇಕಣಿ ಮತ್ತು ರೋಹಿಣಿ ನಿಲೇಕಣಿಯವರು ಕೊಟ್ಟ 36 ಕೋಟಿ ರೂಪಾಯಿಗಳ ನೆರವಿನಿಂದ 2022ರಲ್ಲಿ ಅದಕ್ಕೆ ಹೊಸ ಕೇಂದ್ರವು ದೊರೆಯಿತು. ಅಲ್ಲಿಯ ವಿದ್ವಾಂಸರು 145 ಜಿಲ್ಲೆಗಳ 16,237 ಜನರ ಮಾತನ್ನು 22 ಭಾಷೆಗಳಲ್ಲಿ ಧ್ವನಿಮುದ್ರಿಸಿ 2024ರಲ್ಲಿ ಪ್ರಕಟಿಸಿದರು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಆ ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಉಡುಪಿಯ ಕಡೆಯಿಂದ ಬಂದು ಈ ನಗರದಲ್ಲಿ ಒಲೆ ಹಚ್ಚಿದ ಎಷ್ಟೋ ಮಂದಿಯ ಮನೆಮಾತಾದ ತುಳು ಆ ಪಟ್ಟಿಯಲ್ಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ ಸಿದ್ಧವಾದ ಲಿಪಿ ಜ್ಞಾನಿ ಎಂಬ ಉಪಕರಣವು ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ ಪುಟಗಳನ್ನೂ ಓದಬಲ್ಲುದೆಂಬುದು ಸಮಾಧಾನದ ಸಂಗತಿ.

ಇಂಥ ಯಂತ್ರಗಳು ಬಂದರೆ ಗುಮಾಸ್ತನ ಗತಿಯೇನೆಂಬ ಅಂಜಿಕೆ ನಿರಾಧಾರವಲ್ಲ. ಪತ್ರ ಬರೆಯುವುದು, ಭಾಷಾಂತರಿಸುವುದು, ಲೆಕ್ಕ ತಾಳೆನೋಡುವುದು, ಇವು ಯಂತ್ರಕ್ಕೆ ಬೇಗ ಒಲಿಯುವ ಕೆಲಸಗಳು. ಆದರೆ ಲೆಕ್ಕಪುಸ್ತಕವನ್ನು ಬಲ್ಲ ಗುಮಾಸ್ತನಿಗೆ ಒಂದು ಸತ್ಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು: ಖಾತೆಯಲ್ಲಿ ಬರೆಯದೆ ಬಿಟ್ಟ ಬಾಕಿಯನ್ನು ಮುಂದೆ ಯಾರೂ ಕೇಳುವುದಿಲ್ಲ. ಯಂತ್ರ ನೋಡುವ ಉದಾಹರಣೆಗಳಲ್ಲಿ ನಮ್ಮ ಕಣ್ಣು, ನಮ್ಮ ಹೆಂಗಸರು, ನಮ್ಮ ಮಾತು ಇಲ್ಲದಿದ್ದರೆ, ನಾಳೆಯ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ನಾವು ಆ ಬಿಟ್ಟುಹೋದ ಬಾಕಿಯಂತೆಯೇ ಆಗುವೆವು. ಸಂಶೋಧಕರು ಉದ್ದೇಶವನ್ನು ತಿಳಿಸಿ ಒಪ್ಪಿಗೆ ಕೇಳಿ ಬಂದರೆ, ವಿಚಾರಿಸಿ ನೋಡಿ, ನಮ್ಮ ನಾಲ್ಕು ಮಾತನ್ನು ಅವರಿಗೆ ಕೊಡುವುದು ಲೇಸು. ಸಕ್ಕರೆ ಕಾಯಿಲೆಯಿರುವವರು ಮಾತ್ರ ಯಾವ ಯಂತ್ರವನ್ನೂ ಕಾಯದೆ, ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿಕೊಂಡು ಬರತಕ್ಕದ್ದು.