ಒಂಬತ್ತು ಕೋಳಿಗೆ ನೂರು ಡೋಸ್

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಹಸು ಮೇವು ಬಿಟ್ಟರೆ ಡೇರಿಯವರೆಗೂ ಸುದ್ದಿ ಮುಟ್ಟುತ್ತದೆ. ರೇಷ್ಮೆಹುಳು ಸೊರಗಿದರೆ ಶಿಡ್ಲಘಟ್ಟದ ರೈತನಿಗೆ ನಿದ್ದೆ ಬಾರದು. ಆದರೆ ಹಿತ್ತಿಲ ನಾಟಿ ಕೋಳಿ ರೆಕ್ಕೆ ಜೋತುಬಿಟ್ಟು ಕಣ್ಣು ಮುಚ್ಚಿ ನಿಂತರೆ ಮನೆಯವರು ಯೋಚಿಸುವುದು ಎರಡೇ: ಇಂದೇ ಕೊಯ್ಯುವುದೋ, ನಾಳೆ ಸಂತೆಗೆ ಒಯ್ಯುವುದೋ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಸಂತೆಗೆ ಹೋದ ಆ ಕೋಳಿ ಒಂಟಿಯಾಗಿ ಹೋಗುವುದಿಲ್ಲ, ರೋಗವನ್ನೂ ಕೊಂಡೊಯ್ಯುತ್ತದೆ. ನಮ್ಮವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಕಾಯಿಲೆ ವೈರಾಣುವಿನದು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಲ್ಪಟ್ಟು, ಭಾರತದಲ್ಲಿ ಅದು ಕಂಡ ಗಿರಿಪಟ್ಟಣದ ಹೆಸರನ್ನೇ ಇಲ್ಲಿ ಪಡೆಯಿತು. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು. ಕೆಲವೇ ದಿನಗಳಲ್ಲಿ ಗೂಡು ಖಾಲಿ. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ, ಮುಂದೆ ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಹೆಬ್ಬಾಳದ ಸರ್ಕಾರಿ ಜೈವಿಕ ಸಂಸ್ಥೆಯಲ್ಲೇ ಕೋಳಿ ಲಸಿಕೆ ತಯಾರಾಗುತ್ತದೆ.

ಹಾಗಿದ್ದರೆ ತೊಡಕೆಲ್ಲಿ? ಸೀಸೆಯಲ್ಲಿ. ಲಸಿಕೆ ಬರುವುದು ನೂರು ಅಥವಾ ಅದಕ್ಕೂ ಹೆಚ್ಚು ಡೋಸುಗಳ ಪುಡಿಯಾಗಿ. ಒಮ್ಮೆ ತಣ್ಣನೆಯ ದ್ರಾವಣದಲ್ಲಿ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಸಾವಿರ ಕೋಳಿಯ ಫಾರಂ ಮಾಲೀಕನಿಗೆ ಇದು ಸಮಸ್ಯೆಯೇ ಅಲ್ಲ. ಊರಿನಲ್ಲಿರುವ ನನ್ನ ಅತ್ತಿಗೆಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ: ‘ನನ್ನವು ಒಂಬತ್ತು. ಮಿಕ್ಕ ಔಷಧಿ ನಿಮಗೆ ಹಾಕಲೇ?’ ಅರ್ಥಶಾಸ್ತ್ರದ ಪಾಠದಲ್ಲಿ ನಾವು ಅವಿಭಾಜ್ಯತೆ ಎಂದು ಓದಿದ್ದು ಇದನ್ನೇ. ಡೋಸಿನ ಲೆಕ್ಕದಲ್ಲಿ ಅಗ್ಗವಾದದ್ದು ಸೀಸೆಯ ಲೆಕ್ಕದಲ್ಲಿ ಬಡವರ ಕೈಗೆ ಎಟುಕುವುದಿಲ್ಲ.

2019ರ ಜಾನುವಾರು ಗಣತಿಯಂತೆ ದೇಶದ 85 ಕೋಟಿ ಕೋಳಿ ಮೊದಲಾದ ಸಾಕುಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗಿಂತ ಶೇಕಡಾ 46ರಷ್ಟು ಏರಿಕೆ. ಅದೇ ವರ್ಷ ಆರಂಭವಾದ ಕೇಂದ್ರದ ಉಚಿತ ಲಸಿಕಾ ಕಾರ್ಯಕ್ರಮ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್‌ಗೆ ಮೀಸಲಾಯಿತು. ಕೋಳಿಯ ಒಡತಿ ಬಹುಪಾಲು ಹೆಂಗಸು. ಮೊಟ್ಟೆಯ ಕಾಸು ಮಕ್ಕಳ ಪುಸ್ತಕಕ್ಕೋ ಬಸ್ ಚಾರ್ಜಿಗೋ ಸಲ್ಲುತ್ತದೆ. ಯಾವ ವಹಿಯಲ್ಲೂ ಬರೆಯದ ಆದಾಯಕ್ಕೆ ಯೋಜನೆ ರೂಪಿಸುವವರು ಕಡಿಮೆ. 2025ರ ಫೆಬ್ರುವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಅಧಿಕಾರಿಗಳು ಮನೆಮನೆಗೆ ಬಂದರು; ಬಂದದ್ದು ಕೋಳಿಗಳನ್ನು ಕೊಲ್ಲಲು. ಅದು ಅನಿವಾರ್ಯವಾಗಿತ್ತು, ನಿಜ. ಆದರೆ ಆ ಮನೆಗಳ ದಾರಿ ಇಲಾಖೆಗೆ ಗೊತ್ತಿದೆ ಎಂಬುದೂ ಅಂದೇ ತಿಳಿಯಿತು.

ಎಲ್ಲ ಕಾಯಿಲೆಗೂ ಕತ್ತಿಯೇ ಮದ್ದಲ್ಲ. ಕೋಳಿ ಸಿಡುಬಿನಲ್ಲಿ ಹಕ್ಕಳೆಯಿಂದ ಕಣ್ಣು ಮುಚ್ಚಿಹೋಗಿ ಎಷ್ಟೋ ಕೋಳಿಗಳು ಹಸಿವಿನಿಂದಲೇ ಸಾಯುತ್ತವೆ. ಬೇರೆಯಾಗಿಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಣ್ಣೊರೆಸಿ, ನಾಲ್ಕು ದಿನ ಕೈಯಾರೆ ನೀರು, ರಾಗಿ ತಿನ್ನಿಸಿದರೆ ಹಲವು ಚೇತರಿಸಿಕೊಳ್ಳುತ್ತವೆ. ಹೇನು ಮುತ್ತಿ ಬಡಕಲಾದ ಕಾವು ಕೋಳಿಗೆ ಒಲೆಯ ಬೂದಿಯ ಗುಂಡಿಯಷ್ಟು ಸಾಕು.

ಲಸಿಕೆಯ ಮಾತಿಗೆ ಬಂದರೆ ಉಪಾಯ ನಮ್ಮ ಜಿಲ್ಲೆಯಲ್ಲೇ ಇದೆ. ರೇಷ್ಮೆಹುಳುವಿನ ಎಳೆಯ ಹಂತವನ್ನು ಪ್ರತಿ ರೈತನೂ ಸಾಕಲಾರನೆಂದೇ ಚಾಕಿ ಕೇಂದ್ರಗಳು ಹುಟ್ಟಿದವು. ಎರಡು ಜ್ವರ ಕಳೆದ ಹುಳುಗಳನ್ನು ರೈತರು ಅಲ್ಲಿಂದ ಒಯ್ಯುತ್ತಾರೆ. ಕೋಳಿಮರಿಗೂ ಊರಿಗೊಂದು ಅಂಥ ಏರ್ಪಾಡು ಏಕಾಗದು? ಒಂದು ಬೀದಿ ಸೇರಿದರೆ ಒಂದು ಸೀಸೆ ಮುಗಿಯುತ್ತದೆ. ಐಸ್ ಡಬ್ಬಿ ಇಡಲು ಹಾಲಿನ ಡೇರಿಯಿದೆ, ಅಲ್ಲಿಗೆ ಹಾಲು ಹಾಕುವ ಹೆಂಗಸರೇ ಕೋಳಿಯನ್ನೂ ಸಾಕುವವರು. ತರಬೇತಿ ಪಡೆದ ಒಬ್ಬಾಕೆಗೆ ಕೋಳಿಗಿಷ್ಟು ಎಂದು ಕೂಲಿ ಕೊಡಬಹುದು. ವೇಳೆ ಮಾತ್ರ ಕಚೇರಿಯದ್ದಾಗಬಾರದು. ಹಗಲಿನಲ್ಲಿ ನಾಟಿ ಕೋಳಿ ಯಾರ ಕೈಗೂ ಸಿಗುವುದಿಲ್ಲ. ಮುಸ್ಸಂಜೆ ಮಂಕರಿ ಕವುಚಿದ ಮೇಲೆ, ಇಲ್ಲವೇ ಬೆಳಕು ಹರಿಯುವ ಮುನ್ನ ಆ ಕೆಲಸವಾಗಬೇಕು.