ಹಳೆಯ ಎದೆಯುರಿಯೂ ಅನ್ನನಾಳವೂ

ಊಟವಾದೊಡನೆ ಎದೆಯುರಿ, ಮಲಗಿದರೆ ಗಂಟಲಿಗೆ ಹುಳಿನೀರು. ಇದನ್ನು ‘ಪಿತ್ತ’ವೆಂದು ಕರೆದು, ಅಂಗಡಿಯ ಗುಳಿಗೆಯನ್ನೋ ಚಿಟಿಕೆ ಅಡುಗೆ ಸೋಡಾವನ್ನೋ ನುಂಗಿ ವರ್ಷಗಟ್ಟಲೆ ದಿನ ದೂಡುವವರು ನಮ್ಮ ಭಕ್ತವೃಂದದಲ್ಲಿಯೂ ಅನೇಕರಿದ್ದಾರೆ. ಅಪರೂಪಕ್ಕೆ ಬರುವ ಉರಿಗೆ ಅಂಜಬೇಕಾಗಿಲ್ಲ. ವಾರವಾರವೂ ಮರುಕಳಿಸುತ್ತ ಐದಾರು ವರ್ಷ ನೆಲೆನಿಂತ ಉರಿಯ ಮಾತು ಬೇರೆ.

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದರ ತುದಿಯ ಸ್ನಾಯುವಿನ ಉಂಗುರ ಸಡಿಲಾದರೆ ಜಠರದ ಆಮ್ಲವೂ ಪಿತ್ತರಸವೂ ಮೇಲೇರುತ್ತವೆ. ಆಮ್ಲವನ್ನು ತಾಳುವ ಶಕ್ತಿ ಜಠರದ ಒಳಪದರಕ್ಕುಂಟು, ಅನ್ನನಾಳಕ್ಕಿಲ್ಲ. ಪದೇ ಪದೇ ಬೆಂದ ಭಾಗವು ಮಾಯುವಾಗ, ಮೊದಲಿನ ಚಪ್ಪಟೆ ಜೀವಕೋಶಗಳ ಎಡೆಯಲ್ಲಿ ಕರುಳಿನ ಪದರವನ್ನು ಹೋಲುವ ಕಂಬದಾಕಾರದ ಕೋಶಗಳು ಬೆಳೆಯುತ್ತವೆ. 1950ರಲ್ಲಿ ಈ ಕುರಿತು ಬರೆದ ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರಿಂದ ಇದಕ್ಕೆ ‘ಬ್ಯಾರೆಟ್ ಅನ್ನನಾಳ’ವೆಂಬ ಹೆಸರು ಬಂದಿತು. ಇದು ಕ್ಯಾನ್ಸರ್ ಅಲ್ಲ, ಅದರತ್ತ ಸಾಗಬಹುದಾದ ದಾರಿಯ ಒಂದು ಮೆಟ್ಟಿಲು. ಕೋಶಗಳು ಇನ್ನೂ ವಿಕಾರಗೊಳ್ಳದಿದ್ದರೆ, ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಸೋಜಿಗವೆಂದರೆ, ಪದರ ಬದಲಾದ ಬಳಿಕ ಕೆಲವರಿಗೆ ಉರಿಯೇ ತಗ್ಗುತ್ತದೆ. ಗುಣವಾಯಿತೆಂದು ಅವರು ಭಾವಿಸುತ್ತಾರೆ.

ಐವತ್ತು ದಾಟಿದ ಪುರುಷರು, ಬೊಜ್ಜಿನ ಹೊಟ್ಟೆಯುಳ್ಳವರು, ಬೀಡಿ ಸಿಗರೇಟು ಸೇದುವವರು, ವಪೆಯ ರಂಧ್ರದ ಮೂಲಕ ಜಠರದ ಭಾಗ ಎದೆಗೂಡಿಗೆ ಸರಿದಿರುವವರು, ಮನೆತನದಲ್ಲಿ ಈ ಕಾಯಿಲೆಯುಳ್ಳವರು ಹೆಚ್ಚಿನ ಎಚ್ಚರ ವಹಿಸಬೇಕು. ಮೆಣಸಿನಕಾಯಿಯನ್ನು ದೂಷಿಸುವುದು ರೂಢಿ. ಖಾರವು ಕೆಲವರ ಉರಿಯನ್ನು ಕೆರಳಿಸುವುದು ನಿಜವಾದರೂ ಹೊಟ್ಟೆ ಬಿರಿಯುವಂತೆ ಉಂಡು ಕೂಡಲೇ ಮಲಗುವುದು ಅದಕ್ಕಿಂತ ಕೆಟ್ಟದ್ದು. ಪ್ರಸಾದ ಕೆಡಬಾರದೆಂದು ಒತ್ತಿ ಉಣ್ಣುವುದಕ್ಕಿಂತ, ಪಂಕ್ತಿಯಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಳ್ಳುವುದು ಪ್ರಸಾದಕ್ಕೂ ಗೌರವ, ಕಾಯಕ್ಕೂ ಹಿತ. ಉಂಡ ಮೂರು ತಾಸಿನ ಬಳಿಕ ಮಲಗಬೇಕು. ಮಂಚದ ತಲೆಯ ಭಾಗ ತುಸು ಎತ್ತರವಿದ್ದರೆ ಒಳಿತು.

ನಮ್ಮ ನಾಡಿನಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಚಪ್ಪಟೆ ಕೋಶಗಳಲ್ಲಿಯೇ. ತಂಬಾಕು, ಮದ್ಯ, ಅಡಿಕೆ ಅದರ ಮುಖ್ಯ ಕಾರಣಗಳು. ಮಂಗಳಕಾರ್ಯದ ತಾಂಬೂಲ ಬೇರೆ, ದಿನವಿಡೀ ದವಡೆಯಲ್ಲಿ ಅಡಿಕೆ, ಗುಟ್ಕಾ ಇರಿಸಿಕೊಳ್ಳುವುದು ಬೇರೆ. 65 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯ ಪಾನೀಯಗಳು ಸಹ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ತಿಳಿಸಿತು. ಕುದಿಯುವ ಚಹಾ ಒಂದೆರಡು ನಿಮಿಷ ಆರಲಿ.

ಪದರ ಬದಲಾಗಿದೆಯೇ ಎಂಬುದು ಎಂಡೋಸ್ಕೋಪಿಯಿಂದಲೂ ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯಿಂದಲೂ ಮಾತ್ರ ತಿಳಿಯುತ್ತದೆ. ವಿಕಾರಗೊಂಡ ಕೋಶಗಳನ್ನು ಅದೇ ನಳಿಕೆಯ ಮೂಲಕ ತೆಗೆಯುವ ಅಥವಾ ಸುಡುವ ಚಿಕಿತ್ಸೆ ಈಗ ಉಂಟು. ರೊಟ್ಟಿಯ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ಮುಂದಿನ ಅಮಾವಾಸ್ಯೆ ಕಳೆಯಲೆಂದು ಕಾಯದೆ ಅದೇ ವಾರ ವೈದ್ಯರನ್ನು ಕಾಣಬೇಕು.